ಯೋಗ ಥೆರಪಿಗೆ ಮೊದಲ ಸಲ ಹೋಗುತ್ತಿದ್ದೇನೆ, ಅಲ್ಲಿ ಏನೇನು ಮಾಡಿಸುತ್ತಾರೆ?

ಸೀಮೆಸುಣ್ಣ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಒಂದೂವರೆ ವರ್ಷದಿಂದ ಸೊಂಟನೋವು. ಮೊದಮೊದಲು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದ ದಿನ ಮಾತ್ರ ಬರುತ್ತಿತ್ತು, ಈಗ ಎಡಗಾಲಿಗೂ ಇಳಿದಿದೆ. ತೊಡೆಯ ಹಿಂದಿನಿಂದ ಮೀನಖಂಡದವರೆಗೆ ತಂತಿ ಎಳೆದ ಹಾಗೆ ಸೆಳೆತ, ಜಾಸ್ತಿ ಹೊತ್ತು ನಿಂತು ಪಾಠ ಮಾಡಿದರೆ ಪಾದಕ್ಕೆ ಜೋಮು. ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5 ಹತ್ತಿರ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ, ಡಿಸ್ಕ್ ಸ್ವಲ್ಪ ಹೊರಗೆ ಬಂದಿದೆ ಅಂತ ರಿಪೋರ್ಟ್ ಬಂತು. ಮೂಳೆ ಡಾಕ್ಟರು ಸದ್ಯಕ್ಕೆ ಆಪರೇಶನ್ ಬೇಡ ಅಂದರು. ಆರು ವಾರ ಫಿಸಿಯೋಥೆರಪಿ ಆಯಿತು, ಅರ್ಧ ಕಡಿಮೆಯಾಗಿದೆ. ಉಳಿದದ್ದಕ್ಕೆ ಅವರೇ "ಯೋಗ ಥೆರಪಿ ಮಾಡಿಸಿಕೊಳ್ಳಿ, ಆದರೆ ಮಾಮೂಲಿ ಯೋಗ ಕ್ಲಾಸಿಗೆ ಹೋಗಬೇಡಿ, ಥೆರಪಿ ಕಲಿತವರ ಹತ್ತಿರವೇ ಹೋಗಿ" ಅಂತ ಹೇಳಿ ಕಳಿಸಿದ್ದಾರೆ.

ಬರುವ ಸೋಮವಾರ ಸಂಜೆ ಮೊದಲ ಸೆಷನ್. ನನಗೆ ಹೆದರಿಕೆ ಇದೆ. ಯೋಗ ಅಂದರೆ ನನಗೆ ಗೊತ್ತಿರುವುದು ಜೂನ್ 21ಕ್ಕೆ ಶಾಲೆ ಮೈದಾನದಲ್ಲಿ ಮಕ್ಕಳ ಜೊತೆ ಮಾಡುವುದು ಅಷ್ಟೇ. ಕಳೆದ ಸಲ ಪಾದಹಸ್ತಾಸನಕ್ಕೆ ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಪಕ್ಕದ ಮೇಡಂ ಕೈ ಹಿಡಿದು ಎಬ್ಬಿಸಿದರು. ಮತ್ತೆ ಅಂಥದ್ದೇ ಆಗಿ, ಫಿಸಿಯೋದಲ್ಲಿ ಸಿಕ್ಕಿದ್ದೂ ಹೋದರೆ ಅಂತ ಚಿಂತೆ.

ಥೆರಪಿ ಸೆಷನ್‌ನಲ್ಲಿ ಏನು ನಡೆಯುತ್ತದೆ? ಎಷ್ಟು ಹೊತ್ತು? ಮುಟ್ಟಿ, ಹಿಡಿದು, ಎಳೆದು ಮಾಡಿಸುತ್ತಾರಾ? ಮೂಗಿಗೆ ನೀರು ಹಾಕುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇದೆಲ್ಲಾ ಇರುತ್ತದಾ? ನನಗೆ ಬಿಪಿ ಮಾತ್ರೆಯೂ ಇದೆ, ದಿನಾ ಒಂದು. ಅದನ್ನು ನಿಲ್ಲಿಸಲು ಹೇಳುತ್ತಾರಾ? ಎಷ್ಟು ದಿನಕ್ಕೆ ಗುಣ ಕಾಣುತ್ತದೆ? ಹೋಗಿ ಬಂದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಬರೆಯಿರಿ.

ತುಂಗಾತೀರ, ಶಿವಮೊಗ್ಗ

ಮೇಡಂ, ನಾನು ಟೈಲರ್. ಇಪ್ಪತ್ತೆರಡು ವರ್ಷದಿಂದ ಮಿಷಿನ್ ಮುಂದೆ ಕೂತವನು. ನನಗೂ ಡಿಸ್ಕೇ, ಎಲ್5-ಎಸ್1, ನಿಮ್ಮದಕ್ಕಿಂತ ಒಂದು ಕೆಳಗಿನದು, ಬಲಗಾಲು. ಎರಡು ವರ್ಷದ ಹಿಂದೆ ಹೋಗಿದ್ದೆ. ನನ್ನ ಮೊದಲ ದಿನ ಹೇಗಿತ್ತು ಅಂತ ಬರೆಯುತ್ತೇನೆ, ನಿಮ್ಮದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ ಅಂದುಕೊಂಡಿದ್ದೇನೆ.

ನಾನು ಹೊಸ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಟವೆಲ್ ತಗೊಂಡು, ಬೆವರು ಸುರಿಯುವ ಹಾಗೆ ಆಸನ ಮಾಡಿಸುತ್ತಾರೆ ಅಂತ ಹೋದೆ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಬರೀ ಮಾತು. ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಕೆಮ್ಮಿದರೆ ಸೀನಿದರೆ ಕಾಲಿಗೆ ಹೊಡೆಯುತ್ತದಾ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ, ನಿದ್ದೆ ಬರುತ್ತದಾ, ಹೊಟ್ಟೆ ಸರಿಯಾಗಿ ಹೋಗುತ್ತದಾ, ಮನೆಯಲ್ಲಿ ಯಾರ್‍ಯಾರು ಇದ್ದಾರೆ, ಸಾಲ ಇದೆಯಾ ಅಂತಲೂ ಕೇಳಿದರು. ಸೊಂಟನೋವಿಗೂ ಸಾಲಕ್ಕೂ ಏನು ಸಂಬಂಧ ಅಂತ ಆಗ ಅನ್ನಿಸಿತು. ಆಮೇಲೆ ಗೊತ್ತಾಯಿತು. ಮದುವೆ ಸೀಸನ್‌ನಲ್ಲಿ ಬ್ಲೌಸ್ ಡೆಲಿವರಿ ತಡವಾದಾಗಲೆಲ್ಲಾ ನನ್ನ ನೋವು ಏರುತ್ತದೆ, ಕೂತಿರುವ ಹೊತ್ತು ಅಷ್ಟೇ ಇದ್ದರೂ.

ಒಂದು ಹಾಳೆ ಕೊಟ್ಟರು. ಅದರಲ್ಲಿ ಮನುಷ್ಯನ ಮೈ, ಮುಂದೊಂದು ಹಿಂದೊಂದು ಚಿತ್ರ. ನೋವಿರುವ ಕಡೆ ಕೆಂಪು ಪೆನ್ನಿನಲ್ಲಿ, ಜೋಮಿರುವ ಕಡೆ ನೀಲಿ ಪೆನ್ನಿನಲ್ಲಿ ಗುರುತು ಮಾಡಿ ಅಂದರು. ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು ಅಂತ ಕೇಳಿದರು, ಏಳು ಅಂದೆ. ಆಮೇಲೆ ನಡೆಸಿದರು, ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿದರು, ಕೆಳಗೆ ಬಿದ್ದ ಪೆನ್ನು ಎತ್ತಿಕೊಡಿ ಅಂದರು. ಪೆನ್ನು ಎತ್ತುವಾಗ ನಾನು ಉಸಿರು ಬಿಗಿಹಿಡಿದಿದ್ದು ಅವರ ಕಣ್ಣಿಗೆ ಬಿತ್ತು. ನನಗೇ ಗೊತ್ತಿರಲಿಲ್ಲ. "ಮಿಷಿನ್ ತುಳಿಯುವಾಗಲೂ ಹೀಗೇ ಹಿಡಿಯುತ್ತೀರಾ?" ಅಂದರು. ಅಂಗಡಿಗೆ ಹೋಗಿ ನೋಡಿಕೊಂಡೆ. ಹೌದು, ಸೂಜಿಗೆ ದಾರ ಪೋಣಿಸುವಾಗ, ಕಾಲರ್ ತಿರುಗಿಸುವಾಗ, ಪ್ರತಿ ಸಲವೂ.

ಕೊನೆಯ ಹದಿನೈದು ನಿಮಿಷ ಮಾತ್ರ ಮಲಗಿಸಿದರು. ಮೊದಲು ಬೆನ್ನ ಮೇಲೆ, ಎರಡೂ ಮೀನಖಂಡ ಕುರ್ಚಿಯ ಮೇಲೆ, ತಲೆಯ ಕೆಳಗೆ ಮಡಿಸಿದ ಜಮಖಾನ. ಆರು ತಿಂಗಳಲ್ಲಿ ಮೊದಲ ಸಲ ಕಾಲಿನ ಸೆಳೆತ ಪೂರ್ತಿ ನಿಂತಿದ್ದು ಆ ಐದು ನಿಮಿಷ. ಆಮೇಲೆ ಬೋರಲು, ಮಕರಾಸನ. "ಸೊಂಟದ ಮೇಲೆ ಕೈ ಇಡಬಹುದಾ?" ಅಂತ ಕೇಳಿ ಅಂಗೈ ಇಟ್ಟರು. ಒತ್ತಲಿಲ್ಲ, ತಿಕ್ಕಲಿಲ್ಲ, ಸುಮ್ನೆ ಇಟ್ಟರು. "ಉಸಿರು ತಗೊಳ್ಳುವಾಗ ನನ್ನ ಕೈ ಮೇಲೇಳಬೇಕು" ಅಂದರು. ಏಳಲಿಲ್ಲ. ನನ್ನ ಉಸಿರು ಎದೆಯಲ್ಲೇ ನಿಂತುಬಿಡುತ್ತಿತ್ತು. ಹತ್ತು ಹನ್ನೆರಡು ಉಸಿರಾದ ಮೇಲೆ ಒಂದು ಕೂದಲೆಳೆಯಷ್ಟು ಎದ್ದಿತು. ಅಷ್ಟೇ ಮೊದಲ ದಿನದ ಸಾಧನೆ. ಮನೆಗೆ ಅದೇ ಎರಡು ಕೆಲಸ ಕೊಟ್ಟರು, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ.

ಆಮೇಲೆ ವಾರಕ್ಕೆ ಎರಡು ಸೆಷನ್, ಒಟ್ಟು ಹದಿನಾಲ್ಕು. ಒಂದು ಸೆಷನ್‌ಗೆ 400 ರೂಪಾಯಿ ಕೊಟ್ಟೆ. ಮೂರನೇ ಸಲದಿಂದ ಭುಜಂಗಾಸನ, ಅದೂ ಮೊಣಕೈ ನೆಲದಲ್ಲೇ ಇಟ್ಟು. ಆಮೇಲೆ ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಸೇತುಬಂಧ, ಒಂದೊಂದೇ ಕಾಲು ಎತ್ತುವುದು, ಎಲ್ಲಾ ಉಸಿರಿನ ಜೊತೆ. ಹದಿನಾಲ್ಕರಲ್ಲಿ ಒಂದು ದಿನವೂ ನನಗೆ ಬೆವರು ಬರಲಿಲ್ಲ. ನೋವು ಎರಡಕ್ಕೆ ಇಳಿಯಿತು. ಎರಡರಲ್ಲೇ ಇದೆ, ಸೊನ್ನೆಗೆ ಬಂದಿಲ್ಲ. ಮನೆಯಲ್ಲಿ ಮಾಡುವುದನ್ನು ಒಂದು ವಾರ ಬಿಟ್ಟರೆ ನಾಲ್ಕಕ್ಕೆ ಏರುತ್ತದೆ. ಇದ್ದದ್ದು ಇದ್ದ ಹಾಗೆ ಬರೆಯಿರಿ ಅಂದಿರಲ್ಲ, ಇದೇ ಇದ್ದದ್ದು.

ಜೋಳದರೊಟ್ಟಿ, ವಿಜಯಪುರ

ಅಕ್ಕಾರ, ನಿಮ್ಮ ಡಾಕ್ಟರು ಮಾಮೂಲಿ ಕ್ಲಾಸಿಗೆ ಹೋಗಬೇಡಿ ಅಂದದ್ದನ್ನ ಗಟ್ಟಿ ಹಿಡಿದುಕೊಳ್ಳಿ. ನಾನು ಕೇಳದೆ ಹೋಗಿ ಅನುಭವಿಸಿದ್ದೇನೆ.

ನಮ್ಮ ಕಡೆ ಒಂದು ಹತ್ತು ದಿನದ ಶಿಬಿರ ಇತ್ತು. ಬೋರ್ಡಿನ ಮೇಲೆ "ಯೋಗ ಚಿಕಿತ್ಸೆ" ಅಂತಲೇ ಬರೆದಿತ್ತು. ಹೋದರೆ ನೂರಕ್ಕೂ ಮೇಲೆ ಜನ. ಸೊಂಟನೋವು, ಮಂಡಿನೋವು, ಶುಗರ್, ಬಿಪಿ ಎಲ್ಲರಿಗೂ ಒಂದೇ ಮೈಕು, ಒಂದೇ ಆಸನ. ನನಗೆ ಸೊಂಟನೋವು ಐತಿ ಅಂತ ಹೇಳಿದೆ. "ಅದಕ್ಕೇ ಇದು" ಅಂದರು. ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಕೈ ಕಾಲಿಗೆ ಮುಟ್ಟಲಿಲ್ಲ ಅಂತ ಒಬ್ಬರು ಹಿಂದಿನಿಂದ ಬಂದು ಬೆನ್ನ ಮೇಲೆ ಎರಡೂ ಕೈ ಊರಿ ಒತ್ತಿದರು. ಕಟ್ ಅಂತ ಒಂದು ಸದ್ದು, ಆಮೇಲೆ ಪಾದದವರೆಗೆ ಬೆಂಕಿ. ಇಪ್ಪತ್ತು ದಿನ ಹಾಸಿಗೆ ಹಿಡಿದೆ. ಹೊಲದ ಕೆಲಸ ಇದ್ದ ದಿನಗಳು ಅವು.

ಅಲ್ಲಿದ್ದವರೊಬ್ಬರಿಗೆ ಬಿಪಿ ಮಾತ್ರೆ ಬಿಡಿ, ಪ್ರಾಣಾಯಾಮ ಸಾಕು ಅಂತ ಹೇಳಿದ್ದನ್ನೂ ನನ್ನ ಕಿವಿಯಾರೆ ಕೇಳಿದೆ. ಯಾರಾದರೂ ಮೊದಲ ದಿನವೇ ಮಾತ್ರೆ ಬಿಡಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಬಿಡುವುದೋ ಕಡಿಮೆ ಮಾಡುವುದೋ ಮಾತ್ರೆ ಬರೆದ ಡಾಕ್ಟರ ಕೆಲಸ.

ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಈಗಲೂ ಮಾಡುತ್ತೇನೆ. ಆದರೆ ನನ್ನ ಮೈ ನೋಡದೆ ಮಾಡಿಸುವವರ ಹತ್ತಿರ ಹೋಗುವುದಿಲ್ಲ.

ಕಡಲತಡಿ, ದಕ್ಷಿಣ ಕನ್ನಡ

ನಾನು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದಿದವಳು, ಹದಿನಾಲ್ಕು ವರ್ಷದಿಂದ ಯೋಗ ಥೆರಪಿ ಮಾಡಿಸುತ್ತಿದ್ದೇನೆ. ಟೀಚರ್, ನಿಮ್ಮ ಪ್ರಶ್ನೆ ಓದಿ ಉತ್ತರ ಬರೆಯದೆ ಇರಲು ಆಗಲಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಜನ ಇದೇ ಹೆದರಿಕೆ ಇಟ್ಟುಕೊಂಡು ಬಂದು, ಕೇಳದೆ ಕೂರುತ್ತಾರೆ.

ಮೊದಲು ನಿಮ್ಮ ಡಿಸ್ಕ್ ವಿಷಯ. ಎರಡು ಬೆನ್ನುಮೂಳೆಗಳ ನಡುವೆ ಇರುವ ಡಿಸ್ಕ್ ಒಳಗೆ ಮೆತ್ತನೆಯ ತಿರುಳು ಇರುತ್ತದೆ. ನೀವು ಮುಂದೆ ಬಗ್ಗಿದಾಗ ಡಿಸ್ಕ್‌ನ ಮುಂಭಾಗ ಅದುಮಿಕೊಂಡು ತಿರುಳು ಹಿಂದಕ್ಕೆ ಸರಿಯುತ್ತದೆ. ನರ ಇರುವುದೂ ಹಿಂದೆಯೇ. ಅದಕ್ಕೇ ಪಾದಹಸ್ತಾಸನದಲ್ಲಿ ನಿಮಗೆ ಹಾಗಾಯಿತು, ವಿಜಯಪುರದವರಿಗೂ ಹಾಗೇ ಆಗಿರಬೇಕು. ಈ ಹಂತದಲ್ಲಿ ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಹಲಾಸನ ನಿಮಗೆ ಬೇಡವೇ ಬೇಡ. ಸೂರ್ಯನಮಸ್ಕಾರವೂ ಬೇಡ, ಅದರಲ್ಲಿ ಬಗ್ಗುವುದಿದೆ. ಯಾರಾದರೂ ಮಾಡಿಸಲು ಬಂದರೆ "ನನಗೆ ಡಿಸ್ಕ್ ಇದೆ, ಮಾಡುವುದಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಉಸಿರು ಬಿಗಿಹಿಡಿಯುವುದರ ಬಗ್ಗೆ ಟೈಲರ್ ಅಣ್ಣ ಬರೆದದ್ದು ಬಹಳ ಮುಖ್ಯ. ಉಸಿರು ಕಟ್ಟಿ ಮುಕ್ಕಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಡಿಸ್ಕ್ ಮೇಲೂ ಏರುತ್ತದೆ. ಕೆಮ್ಮಿದರೆ ಕಾಲಿಗೆ ಹೊಡೆಯುವುದೂ ಅದಕ್ಕೇ. ನಾವು ಎಲ್ಲವನ್ನೂ ಉಸಿರಿಗೆ ಕಟ್ಟಿ ಮಾಡಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು, ನೋವಿಗೆ ಹೆದರಿ ಬಿಗಿದುಕೊಂಡಿರುವ ಸ್ನಾಯು "ಸಡಿಲ ಬಿಡಿ" ಅಂದರೆ ಬಿಡುವುದಿಲ್ಲ. ಉಸಿರು ಉದ್ದವಾದಾಗ ತಾನಾಗಿ ಬಿಡುತ್ತದೆ. ನಾನು ಸೆಷನ್‌ನಲ್ಲಿ ಕಾಲು ಎಷ್ಟು ಎತ್ತರ ಹೋಯಿತು ಅಂತ ಅಷ್ಟಾಗಿ ನೋಡುವುದಿಲ್ಲ. ಮುಖ ನೋಡುತ್ತೇನೆ, ದವಡೆ ನೋಡುತ್ತೇನೆ, ಉಸಿರು ಕೇಳಿಸಿಕೊಳ್ಳುತ್ತೇನೆ. ಹಲ್ಲು ಕಚ್ಚಿದರು ಅಂದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಪತಂಜಲಿ ಆಸನ ಅಂದರೆ ಸ್ಥಿರವಾಗಿರಬೇಕು, ಸುಖವಾಗಿರಬೇಕು ಅಂತ ಎರಡೇ ಮಾತು ಹೇಳಿದ್ದು. ನೋವಿನಲ್ಲಿರುವವರಿಗೆ ಆ ಎರಡನೆಯ ಮಾತು ಮೊದಲು.

ಸೋಮವಾರ ಏನು ತಗೊಂಡು ಹೋಗಬೇಕು ಅಂದರೆ, ಎಂಆರ್‌ಐ ರಿಪೋರ್ಟು, ಮಾತ್ರೆಗಳ ಹೆಸರು ಬರೆದ ಚೀಟಿ, ಫಿಸಿಯೋದಲ್ಲಿ ಏನೇನು ಮಾಡಿಸಿದರು ಅನ್ನುವ ನೆನಪು. ಸಡಿಲವಾದ ಚೂಡಿದಾರ್ ಸಾಕು, ದುಪಟ್ಟಾ ತೆಗೆದಿಡಬೇಕಾಗುತ್ತದೆ. ಊಟ ಮಾಡಿ ಮೂರು ನಾಲ್ಕು ಗಂಟೆ ಆಗಿರಲಿ. ಶಾಲೆ ಬಿಟ್ಟು ಹೋಗುವುದಾದರೆ ಟೀ ಕುಡಿದು ಹೋಗಿ, ಬೋಂಡ ಬೇಡ. ಮುಟ್ಟಾಗಿದ್ದರೆ, ಹರ್ನಿಯಾ ಇದ್ದರೆ, ಹೊಟ್ಟೆಯ ಆಪರೇಶನ್ ಆಗಿದ್ದರೆ, ಕಣ್ಣಿನಲ್ಲಿ ಗ್ಲಾಕೋಮಾ ಇದ್ದರೆ ಸಂಕೋಚಪಡದೆ ಹೇಳಿಬಿಡಿ. ಕೆಲವು ಭಂಗಿ, ಕೆಲವು ಪ್ರಾಣಾಯಾಮ ಅದರ ಮೇಲೆ ನಿಂತಿರುತ್ತದೆ.

ನೀವು ಕೇಳಿದ ಮೂಗಿಗೆ ನೀರು ಹಾಕುವುದು, ಅಂದರೆ ನೇತಿ, ಮೂಗು ಮತ್ತು ಸೈನಸ್ ತೊಂದರೆಗೆ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಉಪ್ಪುನೀರಿನ ವಮನ ಬಿಪಿ ಇರುವವರಿಗೆ ಮಾಡಿಸುವುದಿಲ್ಲ. ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರದೂಡುವ ಕಪಾಲಭಾತಿಯೂ ಈಗ ಬೇಡ, ಬಿಪಿಗೂ ಆಗುವುದಿಲ್ಲ, ಡಿಸ್ಕ್‌ಗೂ ಆ ಹೊಡೆತ ಒಳ್ಳೆಯದಲ್ಲ. ನಿಮಗೆ ಹೆಚ್ಚಾಗಿ ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶುದ್ಧಿ, ದುಂಬಿಯ ಹಾಗೆ ಗುಂಯ್ ಅನ್ನುವ ಭ್ರಾಮರಿ ಹೇಳಿಕೊಡುತ್ತಾರೆ. ಕುಂಭಕ ಇಲ್ಲದೆ, ಅಂದರೆ ಉಸಿರು ಹಿಡಿಯದೆ. ನೆಲದಲ್ಲಿ ಕೂರಲು ಆಗದಿದ್ದರೆ ಕುರ್ಚಿ ಕೇಳಿ. ಕುರ್ಚಿಯಲ್ಲಿ ಮಾಡಿದರೆ ಅದರ ಫಲ ಕಡಿಮೆಯಾಗುವುದಿಲ್ಲ.

ಮುಟ್ಟುವ ವಿಷಯ. ಕೇಳಿ ಮುಟ್ಟಬೇಕು. ಬೇಡ ಅಂದರೆ ಮುಟ್ಟಬಾರದು, ಬಾಯಲ್ಲೇ ಹೇಳಿಕೊಡಬೇಕು. ಎಳೆಯುವುದು, ಮೇಲೆ ಕೂರುವುದು, ಲಟಕ್ ಅನ್ನಿಸುವುದು ಇವು ಯಾವುದೂ ಯೋಗ ಥೆರಪಿ ಅಲ್ಲ. ಮೊದಲ ದಿನ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋದರೂ ಒಳ್ಳೆಯದೇ.

ಹೇಳಿಕೊಡುವವರು ಏನು ಓದಿದ್ದಾರೆ ಅಂತ ಕೇಳುವುದು ತಪ್ಪಲ್ಲ. ಬಿಎನ್‌ವೈಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸು, ಉಜಿರೆಯಲ್ಲಿ ಇದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಯೋಗದಲ್ಲಿ ಎಂಎಸ್ಸಿ ಮಾಡಿದವರೂ ಒಳ್ಳೆಯ ಥೆರಪಿಸ್ಟ್‌ಗಳಿದ್ದಾರೆ. ಒಂದು ತಿಂಗಳ ಟೀಚರ್ ಟ್ರೈನಿಂಗ್ ಮಾಡಿದವರು ಕ್ಲಾಸ್ ತಗೊಳ್ಳಬಹುದು. ಡಿಸ್ಕ್ ಇರುವವರನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಎಷ್ಟು ದಿನ ಅಂದರೆ, ಆರರಿಂದ ಎಂಟು ವಾರ ದಿನಾ ಮನೆಯಲ್ಲಿ ಮಾಡಿದ ಮೇಲೆ ತೀರ್ಮಾನಿಸಿ. ಒಂದು ಗುರುತು ಹೇಳುತ್ತೇನೆ. ಮೀನಖಂಡದಲ್ಲಿದ್ದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರುತ್ತಾ ಬಂದರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ, ಅದು ಒಳ್ಳೆಯ ದಿಕ್ಕು. ಕೆಳಕ್ಕೆ ಇಳಿಯುತ್ತಾ ಹೋದರೆ ಮಾಡುತ್ತಿರುವುದನ್ನು ನಿಲ್ಲಿಸಿ ಥೆರಪಿಸ್ಟ್‌ಗೆ ಹೇಳಿ. ಪಾದ ಎತ್ತಲು ಆಗದೆ ಚಪ್ಪಲಿ ಜಾರತೊಡಗಿದರೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಯೋಗವೂ ಬೇಡ, ಫಿಸಿಯೋವೂ ಬೇಡ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ನಿಮಗೆ ಹೀಗಾಗುತ್ತದೆ ಅಂತಲ್ಲ. ಡಿಸ್ಕ್ ಇರುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ಬೆಟ್ಟದನೆಲ್ಲಿ, ತುಮಕೂರು

ಉಳಿದುಕೊಂಡು ಮಾಡಿಸಿಕೊಳ್ಳುವುದು ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ನಮ್ಮ ಯಜಮಾನರಿಗೆ ಶುಗರ್, ಇನ್ಸುಲಿನ್ ಮೇಲೆ ಇದ್ದರು. ಜಿಗಣಿ ಹತ್ತಿರ ಪ್ರಶಾಂತಿ ಕುಟೀರದಲ್ಲಿ, ಎಸ್-ವ್ಯಾಸ ಅನ್ನುವ ಯೋಗ ವಿಶ್ವವಿದ್ಯಾಲಯದ ಆರೋಗ್ಯಧಾಮದಲ್ಲಿ ಎರಡು ವಾರ ಇದ್ದೆವು. ನಾನು ಜೊತೆಗೆ ಹೋದವಳು, ಕತ್ತುನೋವಿತ್ತು ಅಂತ ನಾನೂ ಸೇರಿಕೊಂಡೆ.

ಅಲ್ಲಿ ಕಾಯಿಲೆ ನೋಡಿ ಬೇರೆ ಬೇರೆ ವಿಭಾಗ ಮಾಡಿದ್ದಾರೆ. ಬೆನ್ನಿನವರದ್ದೇ ಒಂದು ಗುಂಪು, ಶುಗರಿನವರದ್ದೇ ಒಂದು. ನಾವಿಬ್ಬರೂ ಊಟದ ಹೊತ್ತಿಗೆ, ಭಜನೆ ಹೊತ್ತಿಗೆ ಮಾತ್ರ ಸಿಗುತ್ತಿದ್ದೆವು. ನಸುಕಿನಲ್ಲೇ ಏಳಬೇಕು. ಆಸನ, ಉಸಿರಾಟ, ಉಪನ್ಯಾಸ, ಧ್ಯಾನ, ಮತ್ತೆ ಆಸನ ಅಂತ ದಿನ ತುಂಬಿಹೋಗುತ್ತದೆ. ಮೊದಲ ಮೂರು ದಿನ ಮೊಬೈಲ್ ಕೈಗೆ ಸಿಗದೆ, ಮನೆಯ ಯೋಚನೆಯಲ್ಲಿ ಯಾಕಪ್ಪಾ ಬಂದೆವು ಅನ್ನಿಸಿತು. ನಾಲ್ಕನೇ ದಿನ ಸರಿಹೋಯಿತು.

ನನಗೆ ತುಂಬಾ ಹಿಡಿಸಿದ್ದು ಎರಡು. ಒಂದು ಆವರ್ತನ ಧ್ಯಾನ. ಕಣ್ಣು ಮುಚ್ಚಿಕೊಂಡೇ ಬಹಳ ನಿಧಾನವಾಗಿ ಪಕ್ಕಕ್ಕೆ ಬಾಗುವುದು, ನಿಲ್ಲುವುದು, ಮಲಗುವುದು, ಮತ್ತೆ ಏಳುವುದು. ಮಾಂಡೂಕ್ಯ ಕಾರಿಕೆ ಅನ್ನುವ ಹಳೆಯ ವೇದಾಂತ ಗ್ರಂಥದಲ್ಲಿ ಮಂಕಾದ ಮನಸ್ಸನ್ನು ಎಬ್ಬಿಸು, ಚದುರಿದ ಮನಸ್ಸನ್ನು ತಣಿಸು ಅಂತ ಒಂದು ಮಾತಿದೆಯಂತೆ, ಅದರ ಮೇಲೆ ಕಟ್ಟಿದ್ದು ಅಂತ ಹೇಳಿದರು. ಇನ್ನೊಂದು ಭ್ರಾಮರಿ. ಹೋದ ದಿನವೇ ಒಂದು ಉಸಿರಿನಲ್ಲಿ ಎಷ್ಟು ಸೆಕೆಂಡ್ ಗುಂಯ್ ಅನ್ನಬಲ್ಲಿರಿ ಅಂತ ಅಳೆದು ಬರೆದುಕೊಂಡರು. ನನ್ನದು 8 ಸೆಕೆಂಡು. ಬಿಪಿ, ನಾಡಿ, ಉಸಿರು ಎಲ್ಲದರ ಜೊತೆ ಇದನ್ನೂ ಬರೆಯುತ್ತಾರೆ. ಹೊರಡುವ ದಿನ 15 ಆಗಿತ್ತು. ಕತ್ತುನೋವು ಹೋಯಿತೋ ಇಲ್ಲವೋ ಅಂತ ಯೋಚಿಸುವ ಮೊದಲೇ ಆ ಸಂಖ್ಯೆ ನೋಡಿ ನನಗೆ ಧೈರ್ಯ ಬಂತು. ನನ್ನ ಮೈಯಲ್ಲಿ ಇನ್ನೂ ಬದಲಾಗುವ ಶಕ್ತಿ ಇದೆ ಅನ್ನಿಸಿತು.

ಇನ್ಸುಲಿನ್ ತಗೊಳ್ಳುವವರಿಗೆ ಒಂದು ಮಾತು. ಊಟ ಬದಲಾಗಿ, ದಿನವಿಡೀ ಮೈ ಅಲುಗಾಡಿದರೆ ಶುಗರ್ ಬೇಗ ಇಳಿಯುತ್ತದೆ. ನಮ್ಮವರಿಗೆ ಒಂದು ಬೆಳಿಗ್ಗೆ ಕೈ ನಡುಗಿ ಬೆವರಿತು. ಡಾಕ್ಟರು ದಿನಾ ನೋಡುತ್ತಿದ್ದರಿಂದ ಡೋಸ್ ತಿದ್ದಿದರು. ಮನೆಯಲ್ಲಿ ಶುರು ಮಾಡುವವರು ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇಟ್ಟುಕೊಳ್ಳಿ, ನಿಮ್ಮ ಡಾಕ್ಟರಿಗೂ ಹೇಳಿಯೇ ಶುರು ಮಾಡಿ.

ವಾಪಸ್ ಬಂದ ಮೇಲೆ ಇದೆ ಕಷ್ಟ. ಅಲ್ಲಿ ಗಂಟೆ ಹೊಡೆದರೆ ಎಲ್ಲರೂ ಚಾಪೆ ಹಾಸುತ್ತಾರೆ. ಮನೆಯಲ್ಲಿ ಹಾಲಿನವನು, ಕುಕ್ಕರು, ಮೊಮ್ಮಗು. ನಾವಿಬ್ಬರೂ ಬೆಳಿಗ್ಗೆ ಐದೂವರೆಗೆ ಅಂತ ಗೊತ್ತು ಮಾಡಿಕೊಂಡು, ಒಬ್ಬರು ಏಳದಿದ್ದರೆ ಇನ್ನೊಬ್ಬರು ಎಬ್ಬಿಸುತ್ತೇವೆ. ಹಾಗಾಗಿ ಉಳಿದುಕೊಂಡಿದೆ.

ನಂದಿಬಟ್ಟಲು, ಬೆಂಗಳೂರು

ಮೈನೋವಿಗೆ ಮಾತ್ರ ಅಲ್ಲ, ಮನಸ್ಸಿನ ಕಾಯಿಲೆಗೂ ಯೋಗ ಥೆರಪಿ ಇದೆ ಅಂತ ಹೇಳಲು ಬರೆಯುತ್ತಿದ್ದೇನೆ. ನನ್ನ ತಂಗಿಗೆ ಖಿನ್ನತೆ ಇತ್ತು. ನಿಮ್ಹಾನ್ಸ್‌ನಲ್ಲಿ ಮಾತ್ರೆಯ ಜೊತೆಗೆ ಅಲ್ಲಿಯ ಯೋಗ ಕೇಂದ್ರಕ್ಕೂ ಕಳಿಸಿದರು. ಅವಳಿಗೆ ಕಣ್ಣು ಮುಚ್ಚಿ ಕೂತರೆ ಕೆಟ್ಟ ಯೋಚನೆಯೇ ಜಾಸ್ತಿ ಬರುತ್ತಿತ್ತು. ಅದನ್ನು ಹೇಳಿದ್ದಕ್ಕೆ, ಧ್ಯಾನ ಬಿಟ್ಟು ಕಣ್ಣು ತೆರೆದುಕೊಂಡೇ ಕೈಕಾಲು ಆಡಿಸುವ ಅಭ್ಯಾಸ, ಜೋರಾಗಿ ಓಂಕಾರ ಹೇಳಿಸುವುದು ಮಾಡಿದರು. ಅದು ಒಗ್ಗಿತು. ಹೇಳದೆ ಇದ್ದಿದ್ದರೆ ಎರಡೇ ದಿನಕ್ಕೆ ಬಿಟ್ಟುಬಿಡುತ್ತಿದ್ದಳು. ಆಗದ್ದನ್ನು ಆಗುತ್ತಿಲ್ಲ ಅಂತ ಹೇಳಿ ಮೇಡಂ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಮದೂರು, ಬಾಸ್ಟನ್

ಮೂಲ ಹಾಸನ, ಇಲ್ಲಿಗೆ ಬಂದು ಒಂಬತ್ತು ವರ್ಷ. ಇಲ್ಲೇ ಬಾಸ್ಟನ್ನಿನಲ್ಲಿ ಬೆನ್ನುನೋವಿನ 320 ಜನರ ಮೇಲೆ ಒಂದು ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹನ್ನೆರಡು ವಾರ ಯೋಗ, ಕೆಲವರಿಗೆ ಫಿಸಿಯೋಥೆರಪಿ, ಕೆಲವರಿಗೆ ಪುಸ್ತಕ ಕೊಟ್ಟು ಕಳಿಸಿದರು. ಯೋಗದವರಿಗೂ ಫಿಸಿಯೋದವರಿಗೂ ಸಿಕ್ಕ ಆರಾಮ ಹೆಚ್ಚುಕಡಿಮೆ ಒಂದೇ. ಅದೇ ವರ್ಷ ಅಮೆರಿಕದ ವೈದ್ಯರ ಸಂಘವೊಂದು ಹಳೆಯ ಬೆನ್ನುನೋವಿಗೆ ಮೊದಲು ಔಷಧಿ ಇಲ್ಲದ ದಾರಿಗಳನ್ನು ನೋಡಿ ಅಂತ ಹೇಳಿ, ಆ ಪಟ್ಟಿಯಲ್ಲಿ ಯೋಗವನ್ನೂ ಸೇರಿಸಿತು. ಆದರೆ ಆ ಅಧ್ಯಯನ ಇಂಥದ್ದೇ ಅಂತ ಕಾರಣ ಸಿಗದ ಬೆನ್ನುನೋವಿನವರದ್ದು. ನಿಮ್ಮ ಹಾಗೆ ಡಿಸ್ಕ್ ಇದ್ದು ನರ ಒತ್ತಿದವರಿಗೆ ಅದನ್ನೇ ನೇರವಾಗಿ ಹಚ್ಚಲು ಬರುವುದಿಲ್ಲ. ಅದಕ್ಕೇ ಕಡಲತಡಿಯವರು ಹೇಳಿದ ಎಚ್ಚರಿಕೆಗಳು ನಿಮಗೆ ಜಾಸ್ತಿ ಬೇಕು.

ನಾನು ಊರಿನ ಥೆರಪಿಸ್ಟ್ ಹತ್ತಿರ ವಿಡಿಯೋದಲ್ಲಿ ಮಾಡುತ್ತೇನೆ. ಲ್ಯಾಪ್‌ಟಾಪನ್ನು ನೆಲದ ಮಟ್ಟಕ್ಕೆ ಪಕ್ಕದಲ್ಲಿ ಇಟ್ಟರೆ ಹೊಟ್ಟೆ ಏರುವುದು ಇಳಿಯುವುದು ಅವರಿಗೆ ಕಾಣುತ್ತದೆ. ಆದರೂ ಮೊದಲ ಮೂರು ನಾಲ್ಕು ಸಲ ಎದುರಿಗೆ ಹೋಗಿ ಮಾಡಿದ್ದರಿಂದಲೇ ಇದು ನಡೆಯುತ್ತಿದೆ. ನಿಮಗೆ ಊರಲ್ಲೇ ಸಿಗುತ್ತಿದೆ ಅಂದರೆ ದಯವಿಟ್ಟು ನೇರವಾಗಿಯೇ ಹೋಗಿ.

ಸೀಮೆಸುಣ್ಣ, ದಾವಣಗೆರೆ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಕಡಲತಡಿ ಮೇಡಂ, ಇನ್ನೊಂದೇ ಪ್ರಶ್ನೆ. ಎಳೆತ ಒಳ್ಳೆಯದು, ನೋವು ಕೆಟ್ಟದ್ದು ಅಂತಾರಲ್ಲ, ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತಾಗುವುದಿಲ್ಲ. ಈಗ ಎಲ್ಲವೂ ನೋವಿನ ಹಾಗೇ ಅನ್ನಿಸುತ್ತದೆ.

ಕಡಲತಡಿ, ದಕ್ಷಿಣ ಕನ್ನಡ

ಒಂದೂವರೆ ವರ್ಷ ನೋವಿನಲ್ಲಿದ್ದವರಿಗೆ ಹಾಗೆ ಅನ್ನಿಸುವುದು ಸಹಜ ಟೀಚರ್. ಎಳೆತ ಅಂದರೆ ಅಗಲವಾಗಿ, ಮೊಂಡಾಗಿ ಇರುತ್ತದೆ, ಉಸಿರು ಬಿಟ್ಟಾಗ ಸ್ವಲ್ಪ ಕಡಿಮೆಯಾಗುತ್ತದೆ, ಭಂಗಿ ಬಿಟ್ಟ ಕೂಡಲೇ ಹೋಗುತ್ತದೆ. ಕೆಟ್ಟ ನೋವು ಚೂಪಾಗಿರುತ್ತದೆ, ಗೆರೆ ಎಳೆದ ಹಾಗೆ ಓಡುತ್ತದೆ, ಅಥವಾ ಚುರುಚುರು ಅನ್ನುತ್ತದೆ. ಇಷ್ಟರ ಮೇಲೂ ಗೊತ್ತಾಗದಿದ್ದರೆ ಉಸಿರನ್ನು ನೋಡಿಕೊಳ್ಳಿ. ಆರಾಮಾಗಿ ಉಸಿರಾಡಲು ಆಗುತ್ತಿದ್ದರೆ ಅಲ್ಲಿ ಇರಬಹುದು. ಉಸಿರು ನಿಂತಿತು ಅಂದರೆ ಅರ್ಧಕ್ಕೆ ವಾಪಸ್ ಬನ್ನಿ. ಮಾರನೇ ದಿನ ಬೆಳಿಗ್ಗೆ ಏಳುವಾಗ ನೋವು ಜಾಸ್ತಿ ಇದ್ದರೆ ಹಿಂದಿನ ದಿನ ಅತಿಯಾಯಿತು ಅಂತ ಲೆಕ್ಕ. ಚಿಕ್ಕದೊಂದು ಪುಸ್ತಕ ಇಟ್ಟು ಬರೆದುಕೊಳ್ಳಿ.

ಸೀಮೆಸುಣ್ಣ, ದಾವಣಗೆರೆ

ಹೋಗಿ ಬಂದೆ. ಯಜಮಾನರನ್ನು ಕರೆದುಕೊಂಡೇ ಹೋಗಿದ್ದೆ. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಟೈಲರ್ ಅಣ್ಣ ಬರೆದ ಹಾಗೇ, ಮಾತೇ ಮುಕ್ಕಾಲು. ಪೆನ್ನಿನ ಬದಲು ನನ್ನ ಬ್ಯಾಗ್ ಎತ್ತಿಸಿದರು, ಎತ್ತಿದ ಮೇಲೆ ಅದರ ತೂಕ ನೋಡಿ "ಇದರಲ್ಲಿ ಏನಿದೆ?" ಅಂದರು. ನಲವತ್ತು ಮಕ್ಕಳ ನೋಟ್‌ಬುಕ್ಕು. ದಿನಾ ಎಡಗಡೆ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತೇನೆ. ಮಕ್ಕಳ ಅಕ್ಷರ ತಿದ್ದುವಾಗ ಹೇಗೆ ನಿಲ್ಲುತ್ತೀರಿ ಅಂತ ತೋರಿಸಿ ಅಂದರು. ತೋರಿಸಿದೆ. ಒಂದನೇ ಕ್ಲಾಸಿನ ಬೆಂಚು ನನ್ನ ಮಂಡಿಯ ಎತ್ತರ ಅಷ್ಟೇ, ಅದರ ಮೇಲೆ ಸೊಂಟದಿಂದ ಬಗ್ಗಿ, ಮಗುವಿನ ಕೈ ಹಿಡಿದು ಬರೆಸುತ್ತೇನೆ. ಇಪ್ಪತ್ತಮೂರು ವರ್ಷದಿಂದ ಹೀಗೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ದಿನಕ್ಕೆ ನಲವತ್ತು ಸಲ ಪಾದಹಸ್ತಾಸನ ಮಾಡುತ್ತಿದ್ದೀರಿ ಮೇಡಂ" ಅಂದರು.

ಒಂದು ಮಂಡಿ ನೆಲಕ್ಕೆ ಊರಿ, ಬೆನ್ನು ನೇರ ಇಟ್ಟು, ಉಸಿರು ಬಿಡುತ್ತಾ ಇಳಿಯುವುದನ್ನು ಹೇಳಿಕೊಟ್ಟರು. ಆಮೇಲೆ ಕಾಲು ಕುರ್ಚಿಯ ಮೇಲೆ ಇಟ್ಟು ಮಲಗಿಸಿದರು. ಸೆಳೆತ ನಿಂತಿತು. ನಾನು ಹಾಗೇ ನಿದ್ದೆ ಹೋಗಿಬಿಟ್ಟಿದ್ದೆನಂತೆ.

ಇವತ್ತು ಕ್ಲಾಸಿನಲ್ಲಿ ಮಂಡಿಯೂರಿ ಕೂತು ಬರೆಸಿದೆ. ಒಂದು ಹುಡುಗಿ "ಮಿಸ್, ನೀವೀಗ ನಮ್ಮಷ್ಟೇ ಎತ್ತರ" ಅಂದಳು. ಬ್ಯಾಗಿನ ನೋಟ್‌ಬುಕ್ಕುಗಳನ್ನು ಶಾಲೆಯ ಬೀರುವಿನಲ್ಲೇ ಇಟ್ಟು ಬಂದೆ. ಗುರುವಾರ ಎರಡನೇ ಸೆಷನ್ ಇದೆ, ಮುಗಿಸಿ ಬಂದು ಬರೆಯುತ್ತೇನೆ.